ಐದು ಕೈಗಳ ಗಡಿಯಾರ

ನಮ್ಮ ಆಟದ ಕೊನೆಯ ಹಂತವನ್ನು ಯಾರು ಆಡಿದರೂ ಅಂಕದ ಜಾಗದಲ್ಲಿ ‘ತಡ’ ಎಂದೇ ಬರುತ್ತಿತ್ತು. ಕೋಡ್ ಬರೆಯುವ ನಾನು ಆಡಿದರೂ ತಡ, ಚಿತ್ರ ಬರೆಯುವ ಗೆಳೆಯ ಆಡಿದರೂ ತಡ, ಈ ಪುಟ್ಟ ಸ್ಟುಡಿಯೋ ಕಟ್ಟಿ ನಮ್ಮಿಬ್ಬರನ್ನೂ ಎಳೆದುಕೊಂಡು ಬಂದ ಗೆಳತಿ ಆಡಿದರೂ ತಡ. ಮೊದಲ ನಾಲ್ಕೈದು ನಿಮಿಷ ಎಲ್ಲವೂ ಸರಿಯಿರುತ್ತಿತ್ತು. ಆಮೇಲೆ ಪರದೆಯ ಮೇಲಿನ ದೀಪಗಳು ಒಂದೊಂದಾಗಿ ಮಂಕಾಗಲು ಶುರು. ಹನ್ನೆರಡನೇ ನಿಮಿಷಕ್ಕೆ ಬರುವಷ್ಟರಲ್ಲಿ ಎಲ್ಲರೂ ಫೇಲು.

ಅದು ತಾಳ ಹಾಕುವ ಆಟ. ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಕಛೇರಿಗಳಲ್ಲಿ ಮುಂದಿನ ಸಾಲಿನ ಹಿರಿಯರು ಹಾಕುವಂತೆ, ಪರದೆಯ ಮೇಲೆಯೇ ಆದಿತಾಳ ಹಾಕಬೇಕು. ಒಂದು ಪೆಟ್ಟು, ಮೂರು ಬೆರಳೆಣಿಕೆ, ಮತ್ತೆ ಪೆಟ್ಟು, ಹಸ್ತ ಮಗುಚಿ ಒಂದು ಹುಸಿ, ಇನ್ನೊಮ್ಮೆ ಪೆಟ್ಟು, ಹುಸಿ. ಎಂಟು ಎಣಿಕೆಗೆ ಒಂದು ಆವರ್ತನ. ಎಣಿಕೆ ಸರಿಯಾಗಿ ಬಿದ್ದರೆ ದೀಪ ಹೊತ್ತುತ್ತದೆ, ಇಲ್ಲದಿದ್ದರೆ ‘ಬೇಗ’ ಅಥವಾ ‘ತಡ’. ಮೊದಲ ಹಂತಗಳು ಒಂದೆರಡು ನಿಮಿಷದವು. ಕೊನೆಯದು ಹನ್ನೆರಡು ನಿಮಿಷದ ತನಿ ಆವರ್ತನ, ಅಂದರೆ ಕಛೇರಿಯಲ್ಲಿ ಹಾಡುವವರು ಸುಮ್ಮನಾಗಿ ಮೃದಂಗಕ್ಕೇ ಜಾಗ ಬಿಟ್ಟುಕೊಡುವ ಭಾಗ. ಅದನ್ನು ನಮಗಾಗಿ ನುಡಿಸಿದ್ದು ಚಾಮರಾಜಪೇಟೆಯ ಒಬ್ಬ ಕಲಾವಿದೆ.

ನಾವು ಮಾಡಿದ ಮೊದಲ ಎರಡು ಆಟಗಳನ್ನು ನೆಂಟರಿಷ್ಟರು ಬಿಟ್ಟು ಹೆಚ್ಚಿನವರು ಆಡಿರಲಿಲ್ಲ. ನೆಂಟರೂ ದಾಕ್ಷಿಣ್ಯಕ್ಕೆ ಆಡಿದ್ದರು. ಈ ಮೂರನೆಯದು ಸಣ್ಣ ತಂಡಗಳು ಮಾಡುವ ಸ್ವತಂತ್ರ ಆಟಗಳ ಮೇಳವೊಂದಕ್ಕೆ ಆಯ್ಕೆಯಾಗಿತ್ತು, ಅಂತಿಮ ಪ್ರತಿ ಕಳಿಸಲು ತಿಂಗಳೊಂದೇ ಉಳಿದಿತ್ತು. ಆಗ ಈ ‘ತಡ’.

ನಾನು ಪತ್ತೇದಾರಿಕೆಗೆ ಕೂತೆ. ಆಟದೊಳಗೆ ಎಣಿಕೆಗಳ ಒಂದು ಪಟ್ಟಿ ಇರುತ್ತದೆ, ಯಾವ ಕ್ಷಣಕ್ಕೆ ಯಾವ ಪೆಟ್ಟು ಬೀಳಬೇಕು ಎಂದು. ಆ ಪಟ್ಟಿಯನ್ನು ಗೆರೆಗಳಾಗಿ ಮಾಡಿ ಮೃದಂಗದ ಧ್ವನಿಚಿತ್ರದ ಮೇಲೆ ಹರಡಿದೆ. ಮೊದಲ ಆವರ್ತನದಲ್ಲಿ ನುಡಿತ ಗೆರೆಯ ಮೇಲೇ ಕೂತಿತ್ತು. ಮಧ್ಯದ ಹೊತ್ತಿಗೆ ಸ್ವಲ್ಪ ಹಿಂದೆ. ಕೊನೆಗೆ ಬಂದರೆ ಕಾಲು ಸೆಕೆಂಡಿಗಿಂತ ಹೆಚ್ಚು ಹಿಂದೆ.

‘ಎಳೀತಿದಾರೆ ಗುರು,’ ಎಂದೆ ಗೆಳತಿಗೆ. ‘ಹೋಗ್ತಾ ಹೋಗ್ತಾ ನಿಧಾನ ಆಗ್ಬಿಟ್ಟಿದಾರೆ. ಇಲ್ಲಿ ನೋಡು, ಕಣ್ಣಿಗೆ ಕಾಣ್ಸತ್ತೆ.’

‘ಅವರ ಕಿವೀಲಿ ಕ್ಲಿಕ್ ಹಾಕಿದ್ವಲ್ಲೋ?’

ಹೌದು, ರೆಕಾರ್ಡಿಂಗಿನ ದಿನ ನಿಮಿಷಕ್ಕೆ ಎಪ್ಪತ್ತೆರಡು ಎಣಿಕೆಯ ಟಿಕ್ ಟಿಕ್ ಸದ್ದನ್ನು ಅವರ ಒಂದು ಕಿವಿಗೆ ಕೊಟ್ಟಿದ್ದೆವು. ‘ತನಿ ಜೋರಾದಾಗ ಅದೆಲ್ಲಿ ಕೇಳ್ಸತ್ತೆ?’ ಎಂದೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣ ತೋರಿಸಿದನಂತೆ ಎಂಬ ಗಾದೆ ನನ್ನಂಥವನನ್ನು ನೋಡಿಯೇ ಹುಟ್ಟಿರಬೇಕು. ಆದರೆ ಆಗ ನನ್ನ ಕೈಯಲ್ಲಿ ಚಿತ್ರವಿತ್ತು, ಗೆರೆಯಿತ್ತು, ಅಂಕಿಯಿತ್ತು. ಇಷ್ಟಿದ್ದ ಮೇಲೆ ಅನುಮಾನ ಯಾಕೆ ಬರಬೇಕು?

ಮೃದಂಗದ ಕಲಾವಿದೆಗೆ ಆ ಚಿತ್ರವನ್ನು ಕಳಿಸಿ, ಫೋನ್ ಮಾಡಿದೆ. ಮೆತ್ತಗೇ ಹೇಳಿದೆ ಎಂದುಕೊಂಡಿದ್ದೇನೆ.

‘ಎಷ್ಟು ಎಳೆದಿದೀನಿ ಸರ್?’

‘ಕೊನೇಲಿ ಕಾಲು ಸೆಕೆಂಡಿಗಿಂತ ಜಾಸ್ತಿ. ಏನಿಲ್ಲ, ಇದು ಆಗುತ್ತೆ. ನಾವು ನಿಮ್ಮ ಒಂದೊಂದೇ ನುಡಿತ ಕತ್ತರಿಸಿ ಕಂಪ್ಯೂಟರಲ್ಲಿ ಜೋಡಿಸ್ಕೋತೀವಿ. ತೆರೆ ಮೇಲೆ “ಮೃದಂಗದ ಧ್ವನಿ” ಅಂತ ನಿಮ್ಮ ಹೆಸರು ಇದ್ದೇ ಇರುತ್ತೆ.’

‘ನುಡಿಸಿದವರು ಅಂತ ಇರಲ್ಲ.’

‘ಜೋಡಿಸಿದ ಮೇಲೆ... ಹಾಗೆ ಹಾಕಕ್ಕೆ ಬರಲ್ಲ ಅಲ್ವಾ?’

‘ಸರಿ ಸರ್’ ಎಂದು ಫೋನ್ ಇಟ್ಟುಬಿಟ್ಟರು.

ನಾನು ಆಕೆಯ ಧ್ವನಿಮುದ್ರಣದಿಂದ ತೋಂ, ನಂ, ಧೀಂ ಎಂದು ಬಿಡಿಬಿಡಿ ನುಡಿತಗಳನ್ನು ಆರಿಸಿ, ನನ್ನ ಪಟ್ಟಿಯ ಗೆರೆಗಳ ಮೇಲೆ ಒಂದೊಂದಾಗಿ ಕೂರಿಸಿದೆ. ಹತ್ತು ದಿನ ಹಿಡಿಯಿತು. ಆಡಿ ನೋಡಿದರೆ ಎಲ್ಲರಿಗೂ ‘ಸರಿ’! ಮೂವರೂ ಪಾಸು. ನಾನು ಎದೆ ಉಬ್ಬಿಸಿಕೊಂಡು ತಿರುಗಾಡಿದೆ. ಗೆಳತಿಗೆ ಮಾತ್ರ ಸಮಾಧಾನವಾಗಲಿಲ್ಲ. ‘ಎರಡೂ ಕೆಳಗಡೆ ಒಂದ್ಸಲ ಕೇಳಿಸ್ಬಿಡೋಣ,’ ಎಂದಳು.

ಕೆಳಗಡೆ ಎಂದರೆ ಮನೆಯ ಯಜಮಾನರಲ್ಲಿ. ಶಂಕರಪುರಂನ ಆ ಹಳೆಯ ಮನೆಯ ಮಹಡಿಯೇ ನಮ್ಮ ಸ್ಟುಡಿಯೋ. ಕೆಳಗಿರುವವರು ನಿವೃತ್ತ ಗಣಿತದ ಮೇಷ್ಟ್ರು. ವಾರಕ್ಕೆರಡು ಸಂಜೆ ಅವರ ನಡುಮನೆಯಲ್ಲಿ ನಾಲ್ವರು ಸ್ನೇಹಿತರು ಸೇರುತ್ತಾರೆ. ಐದೂ ಜನ ನಲವತ್ತು ವರ್ಷದಿಂದ ಒಟ್ಟಿಗೆ ಕಛೇರಿ ಕೇಳುತ್ತಿರುವವರು. ಯಾರೂ ಹಾಡುವುದಿಲ್ಲ, ಯಾವ ವಾದ್ಯವನ್ನೂ ಮುಟ್ಟುವುದಿಲ್ಲ. ಕೇಳುತ್ತಾರೆ, ತಾಳ ಹಾಕುತ್ತಾರೆ, ಮನೆಗೆ ಹೋಗುವಾಗ ಜಗಳವಾಡುತ್ತಾರೆ. ಅವರಲ್ಲೊಬ್ಬರು ಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸಿ ಮಕ್ಕಳಿಗೆ ವಹಿಸಿಕೊಟ್ಟವರು, ಎಡಗೈಯಲ್ಲಿ ಸದಾ ರುದ್ರಾಕ್ಷಿ ಸರ ಹಿಡಿದಿರುತ್ತಾರೆ.

ಐವರಿಗೂ ಒಂದೊಂದು ಫೋನ್ ಕೊಟ್ಟು ತೊಡೆಯ ಮೇಲಿಡಿಸಿದೆ. ಎಲ್ಲ ಫೋನುಗಳೂ ನನ್ನ ಲ್ಯಾಪ್‌ಟಾಪಿಗೆ ಸೇರಿದ್ದವು, ಸದ್ದು ಮಾತ್ರ ಒಂದು ಸ್ಪೀಕರಿನಿಂದ. ಮೊದಲು ನಾನು ಜೋಡಿಸಿದ ತನಿ ಹಾಕಿದೆ. ಎರಡು ನಿಮಿಷವಾಗಿರಬೇಕು, ಒಬ್ಬರು ಫೋನ್ ಪಕ್ಕಕ್ಕಿಟ್ಟು ‘ಕಾಫಿ ಯಾರಿಗೆ?’ ಎಂದರು. ಇನ್ನಿಬ್ಬರು ಅವರ ಹಿಂದೆಯೇ ಅಡುಗೆಮನೆಗೆ ಹೋದರು. ತನಿ ರುಚಿಸದಿದ್ದರೆ ಕ್ಯಾಂಟೀನಿಗೆ ನಡೆಯುವುದು ನಮ್ಮ ಸಭೆಗಳ ಹಳೆಯ ಅಭ್ಯಾಸ. ಅದನ್ನು ಮನೆಯಲ್ಲೂ ಬಿಡುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ.

ಕಾಫಿಯಾದ ಮೇಲೆ ಆಕೆ ನುಡಿಸಿದ್ದನ್ನು ಹಾಕಿದೆ. ಯಾರೂ ಏಳಲಿಲ್ಲ. ಐದನೇ ನಿಮಿಷದ ನಂತರ ಫೋನುಗಳಲ್ಲಿ ‘ತಡ’ ಬರತೊಡಗಿತು, ಐದರಲ್ಲೂ. ಅವರಾರೂ ಪರದೆ ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿದ್ದರು. ನಾನು ಗೆಳತಿಗೆ ‘ನೋಡಿದ್ಯಾ?’ ಎಂದು ಸನ್ನೆ ಮಾಡಿದೆ. ಅಷ್ಟರಲ್ಲಿ ಸ್ಪೀಕರಿನ ಚಾರ್ಜ್ ಮುಗಿದು ಸದ್ದು ನಿಂತಿತು.

ಕೈಗಳು ನಿಲ್ಲಲಿಲ್ಲ. ಲ್ಯಾಪ್‌ಟಾಪಿನಲ್ಲಿ ತನಿ ಸದ್ದಿಲ್ಲದೆ ಓಡುತ್ತಲೇ ಇತ್ತು, ನಾನು ಗಾಬರಿಯಲ್ಲಿ ಸ್ಪೀಕರಿನ ವೈರು ಹುಡುಕುತ್ತಿದ್ದೆ. ನಡುಮನೆಯಲ್ಲಿ ಮೃದಂಗವಿಲ್ಲ, ಮಾತಿಲ್ಲ, ಐದು ಅಂಗೈ ಒಟ್ಟಿಗೆ ಬೀಳುವ ಸದ್ದೊಂದೇ. ಪೆಟ್ಟು, ಬೆರಳು, ಬೆರಳು, ಬೆರಳು, ಪೆಟ್ಟು, ಹುಸಿ. ಒಂದು ಆವರ್ತನ ಆಯಿತು, ಎರಡಾಯಿತು, ನಾಲ್ಕಾಯಿತು. ವೈರು ಸಿಕ್ಕಿಸಿದ ಕೂಡಲೇ ಮೃದಂಗ ಮರಳಿತು, ಆವರ್ತನದ ಮೊದಲ ಪೆಟ್ಟಿಗೆ. ಐದು ಕೈಗಳೂ ಅದೇ ಪೆಟ್ಟಿನಲ್ಲಿದ್ದವು. ಒಬ್ಬರಾದರೂ ಕಣ್ಣು ಬಿಡಲಿಲ್ಲ. ನನಗೆ ಮೈ ಜುಂ ಎಂದಿತು. ಅಷ್ಟು ಹೊತ್ತೂ ಅವರು ಆಕೆಯನ್ನು ಹಿಂಬಾಲಿಸುತ್ತಿದ್ದಾರೆ ಎಂದುಕೊಂಡಿದ್ದೆ. ಹಿಂಬಾಲಿಸಲು ಏನೂ ಇಲ್ಲದಾಗಲೂ ಅವರು ಆಕೆ ಇದ್ದಲ್ಲಿಗೇ ಹೋಗಿ ನಿಂತಿದ್ದರು.

ಮುಕ್ತಾಯವಾದಾಗ ರುದ್ರಾಕ್ಷಿಯವರು ಕಣ್ಣು ಬಿಟ್ಟು, ‘ನೂರೆಂಟು’ ಎಂದರು.

‘ಏನು ಸರ್?’

‘ಆವರ್ತನ. ಬಲಗೈ ತಾಳ, ಎಡಗೈ ಮಣಿ. ಯಾವ ತನಿ ಕೇಳಿದ್ರೂ ಎಣಿಸ್ತೀನಿ, ಅಭ್ಯಾಸ. ಸರ ಸರಿಯಾಗಿ ಒಂದು ಸುತ್ತು ಬಂತು ನೋಡಿ. ಕೂತು ಕಟ್ಟಿರೋ ತನಿ ಇದು.’

ಮೇಷ್ಟ್ರು ಆಗಲೇ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದರು. ‘ನಿಮಿಷಕ್ಕೆ ಎಷ್ಟು ಎಣಿಕೆ ಇಟ್ಟಿದೀರಪ್ಪಾ?’

‘ಎಪ್ಪತ್ತೆರಡು.’

‘ಎಂಟರಿಂದ ಭಾಗಿಸಿ, ನಿಮಿಷಕ್ಕೆ ಒಂಬತ್ತು ಆವರ್ತನ. ಒಂಬತ್ತು ಹನ್ನೆರಡ್ಲಿ ನೂರೆಂಟು. ಸರಿಯಾಗಿ ಹನ್ನೆರಡು ನಿಮಿಷ ಆಗಿರ್ಬೇಕು. ಆಗಿದ್ಯಾ?’

ಕಡತ ತೆಗೆದು ಮೊದಲ ಪೆಟ್ಟಿನಿಂದ ಮುಕ್ತಾಯದ ಪೆಟ್ಟಿನವರೆಗಿನ ಹೊತ್ತು ನೋಡಿದೆ. ಹನ್ನೆರಡು ನಿಮಿಷ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

‘ಮತ್ತೆ ಆಕೆ ಎಲ್ಲಿ ಎಳೆದ್ರು?’ ಎಂದಳು ಗೆಳತಿ.

ನನ್ನ ಪಟ್ಟಿಯ ಕೊನೆ ನೋಡಿದೆ. ಅದು ಹನ್ನೆರಡು ನಿಮಿಷಕ್ಕೆ ಕಾಲು ಸೆಕೆಂಡಿಗಿಂತ ಹೆಚ್ಚು ಮೊದಲೇ ಮುಗಿದುಹೋಗಿತ್ತು. ಅಲ್ಲಿಗೆ ನನಗೆ ಎಲ್ಲವೂ ತಿಳಿಯಿತು. ಒಂದು ನಿಮಿಷವನ್ನು ಎಪ್ಪತ್ತೆರಡರಿಂದ ಭಾಗಿಸಿದರೆ ಒಂದು ಎಣಿಕೆಗೆ ಎಂಟುನೂರ ಮೂವತ್ತಮೂರು ಮಿಲಿಸೆಕೆಂಡು, ಜೊತೆಗೆ ಒಂದು ಮಿಲಿಸೆಕೆಂಡಿನ ಮೂರನೇ ಒಂದು ಭಾಗ. ಸೆಕೆಂಡಿನ ಸಾವಿರದಲ್ಲೊಂದು ಪಾಲೇ ಮಿಲಿಸೆಕೆಂಡು, ಅದರಲ್ಲಿ ಮೂರರಲ್ಲೊಂದು ಚೂರು ಯಾರಿಗೆ ಬೇಕು ಎಂದು ಕೋಡ್ ಬರೆಯುವಾಗ ಅದನ್ನು ಬಿಟ್ಟಿದ್ದೆ. ಚಿಕ್ಕ ಹಂತಗಳಲ್ಲಿ ಅದು ಗೊತ್ತಾಗುತ್ತಿರಲಿಲ್ಲ. ತನಿಯಲ್ಲಿ ಎಂಟುನೂರ ಅರವತ್ತನಾಲ್ಕು ಎಣಿಕೆ. ಪ್ರತಿ ಎಣಿಕೆಗೂ ನನ್ನ ಗಡಿಯಾರ ಅಷ್ಟಷ್ಟೇ ಮುಂದೆ ಓಡಿ, ಕೊನೆಗೆ ಸರಿಯಾಗಿರುವವರನ್ನೆಲ್ಲ ‘ತಡ’ ಎಂದಿತ್ತು. ಅದೇ ಪಟ್ಟಿಯ ಗೆರೆಗಳನ್ನೇ ಹಾಕಿ ನಾನು ಆಕೆಯನ್ನು ಅಳೆದಿದ್ದೆ. ತಪ್ಪು ಗೆರೆಯ ಮೇಲೆ ಜೋಡಿಸಿದ ತನಿ ತಪ್ಪು ಗಡಿಯಾರಕ್ಕೆ ಸರಿಹೊಂದದೆ ಇನ್ನೇನಾಗುತ್ತದೆ?

ಕೋಡ್ ಸರಿಮಾಡಲು ಎರಡು ನಿಮಿಷ ಸಾಕಾಯಿತು. ನಾಚಿಕೆಯಾಗಿದ್ದು ಅದಕ್ಕೇ ಹೆಚ್ಚು. ಮರುದಿನ ಬೆಳಿಗ್ಗೆ ಚಾಮರಾಜಪೇಟೆಗೆ ಹೋದೆ. ಇದನ್ನು ಫೋನಿನಲ್ಲಿ ಹೇಳುವ ಮುಖ ನನಗಿರಲಿಲ್ಲ.

ಬಾಗಿಲಿನ ಹೊರಗೇ ಮೃದಂಗ ಕೇಳಿಸಿತು, ಅದರ ಜೊತೆ ಟಿಕ್ ಟಿಕ್ ಸದ್ದೂ. ಒಳಗೆ ಆಕೆ ಫೋನಿನಲ್ಲಿ ಕ್ಲಿಕ್ ಹಾಕಿಕೊಂಡು, ಪಾಠದ ಮೊದಲನೇ ವರ್ಷದ ಸರಳ ನುಡಿತಗಳನ್ನು ನುಡಿಸುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ: ಬಿಟ್ಟ ಚೂರು, ನನ್ನ ಗೆರೆಗಳು, ಹನ್ನೆರಡು ನಿಮಿಷ. ‘ನಿಮ್ಮದು ಏನೂ ತಪ್ಪಿರಲಿಲ್ಲ. ನಂದೇ ತಪ್ಪು. ಕ್ಷಮಿಸಿ,’ ಎಂದೆ.

ಆಕೆ ಕ್ಲಿಕ್ ನಿಲ್ಲಿಸಲಿಲ್ಲ. ‘ಕೂತ್ಕೊಳಿ’ ಎಂದರು. ನೀರು ಕೊಟ್ಟರು. ಆಮೇಲೆ ನಿಧಾನವಾಗಿ ಹೇಳಿದರು:

‘ಚಿಕ್ಕವಳಿದ್ದಾಗಿಂದ ಕೇಳಿದೀನಿ ಸರ್, ಹೆಂಗಸರ ಕೈ ಎಳಿಯತ್ತೆ, ತನಿ ಕೊಟ್ರೆ ನಿಲ್ಸಕ್ಕಾಗಲ್ಲ ಅಂತ. ಹೇಳೋರು ಹೇಳ್ಕೊಳ್ಲಿ ಅಂತಿದ್ದೆ. ಬಾಯಿ ಮಾತು ಅದು. ನೀವು ಚಿತ್ರ ಕಳಿಸಿದ್ರಿ. ಆವತ್ತಿಂದ ಕ್ಲಿಕ್ ಇಲ್ದೆ ಕೈ ಇಡಕ್ಕೇ ಆಗ್ತಿಲ್ಲ. ಹೋದ ಶನಿವಾರ ಮಲ್ಲೇಶ್ವರದಲ್ಲಿ ಕಛೇರಿ ಇತ್ತು. ಬಿಟ್ಕೊಟ್ಬಿಟ್ಟೆ.’

ಒಂದು ಚೂರನ್ನು ಬಿಟ್ಟ ನನ್ನ ಬೇಜವಾಬ್ದಾರಿ ಒಬ್ಬರ ಕೈಯನ್ನೇ ಕಟ್ಟಿಹಾಕಿತ್ತು.

‘ನಿಮ್ಮ ಹಳೇ ಟೇಕೇ ಹಾಕ್ತೀವಿ,’ ಎಂದೆ. ‘ಅದು ಸರಿ ಇದೆ. ನಾನೇ ನೋಡಿದೆ, ಹನ್ನೆರಡು ನಿಮಿಷ, ಕೂದಲೆಳೆ ವ್ಯತ್ಯಾಸ ಇಲ್ಲ.’

‘ಸರಿ ಇದೆ ಅಂತ ಯಾರು ಹೇಳ್ತಿರೋದು? ನಿಮ್ಮ ಗಡಿಯಾರ. ಎಳೆದಿದೀನಿ ಅಂತ ಹೇಳಿದ್ದೂ ಅದೇ ಅಲ್ವಾ?’

ಸಂಜೆಯವರೆಗೂ ಆ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಸ್ಟುಡಿಯೋಗೆ ಬಂದು ಗೆಳತಿಗೆ ಹೇಳಿದೆ: ಇನ್ನೊಮ್ಮೆ ರೆಕಾರ್ಡ್ ಮಾಡೋಣ, ಕ್ಲಿಕ್ ಇಲ್ಲದೆ. ಆಕೆ ನುಡಿಸಲಿ, ಎದುರಿಗೆ ಆ ಐವರು ತಾಳ ಹಾಕಲಿ. ಆಟದ ಗಡಿಯಾರ ಕಂಪ್ಯೂಟರಿನದಾಗುವುದು ಬೇಡ, ಆ ಐದು ಕೈಗಳದಾಗಲಿ.

‘ಒಂಬತ್ತು ದಿನ ಇದೆ. ಸರಿಯಾಗಿರೋ ಟೇಕ್ ಕೈಲಿದೆ. ತಲೆ ಕೆಟ್ಟಿದ್ಯಾ ನಿಂಗೆ?’

‘ಅವರಿಗೆ ಆ ಟೇಕ್ ಬೇಡ.’

‘ಆಗ್ಲಿಲ್ಲ ಅಂದ್ರೆ ಮೇಳ ಹೋಯ್ತು ಅಂತಿಟ್ಕೋ,’ ಎಂದಳು. ಒಪ್ಪಿದಳು ಎಂದೇ ಅದರರ್ಥ.

ಕಲಾವಿದೆ ಒಪ್ಪಲು ಎರಡು ದಿನ ತೆಗೆದುಕೊಂಡರು. ಅಷ್ಟರಲ್ಲಿ ನಾನು ಐದು ಮಣೆಗಳನ್ನು ಸಿದ್ಧಮಾಡಿದೆ. ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟು ತೆಳುವಾದ ಹಲಗೆ, ಅದರಡಿ ರೂಪಾಯಿ ನಾಣ್ಯದಷ್ಟಿರುವ, ಪಿಟೀಲಿಗೆ ಅಂಟಿಸುವಂಥ, ಸದ್ದು ಹಿಡಿಯುವ ಪಿಕಪ್. ಪೆಟ್ಟು ಸುಲಭವಾಗಿ ಹಿಡಿಯಿತು, ಬೆರಳೂ ಹಿಡಿಯಿತು, ಹಸ್ತ ಮಗುಚುವ ಹುಸಿ ಮಾತ್ರ ಕೇಳಿಸಲೊಲ್ಲದು. ಬೆನ್ನಗೈ ತಾಗುವ ಸಣ್ಣ ಸದ್ದಿಗಾಗಿ ಹಲಗೆಯನ್ನು ಮೂರು ಬಾರಿ ಬದಲಾಯಿಸಿದೆ. ಕೊನೆಗೆ ಮೇಷ್ಟ್ರ ಮನೆಯ ಹಳೆಯ ಪರೀಕ್ಷೆಯ ರಟ್ಟುಗಳು ಕೆಲಸಕ್ಕೆ ಬಂದವು.

ಭಾನುವಾರ ಮಧ್ಯಾಹ್ನ ನಡುಮನೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ, ಫ್ಯಾನ್ ಆರಿಸಿದೆವು. ಆಕೆ ಗೋಡೆಗೊರಗಿ ಕೂತು, ಮೃದಂಗದ ಎಡಮುಖಕ್ಕೆ, ನಾದ ತುಂಬಲೆಂದು, ಕಲಸಿದ ರವೆ ಹಚ್ಚಿ ಶ್ರುತಿ ನೋಡಿದರು. ಹಿರಿಯರಿಗೆ ಆಕೆ ಯಾರೆಂದು ನಾನು ಹೇಳಿದೆ. ಏನಾಯಿತೆಂಬುದನ್ನೂ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ರುದ್ರಾಕ್ಷಿಯವರು ‘ಬಾರಮ್ಮ, ಕೂತ್ಕೋ. ಅವತ್ತು ನಿನ್ನ ಕೈ ಕೇಳಿದೀವಿ,’ ಎಂದಷ್ಟೇ ಅಂದರು.

ಮೊದಲ ಸಲ ನಾಲ್ಕನೇ ನಿಮಿಷಕ್ಕೆ ಆಕೆಯೇ ನಿಲ್ಲಿಸಿದರು. ‘ಆಗ್ತಿಲ್ಲ. ಕಿವಿ ಕ್ಲಿಕ್ ಹುಡುಕ್ತಿದೆ.’ ಎರಡನೆಯದು ಚೆನ್ನಾಗಿ ಹೋಗುತ್ತಿತ್ತು, ಒಂಬತ್ತನೇ ನಿಮಿಷಕ್ಕೆ ಪಕ್ಕದ ಮನೆಯ ಕುಕ್ಕರ್ ಕೂಗಿತು. ಗೆಳತಿ ಓಡಿಹೋಗಿ ಆ ಮನೆಯವರನ್ನು ಬೇಡಿಕೊಂಡು ಬಂದಳು. ಕಲಾವಿದೆ ಬೆವರು ಒರೆಸಿಕೊಂಡರು. ಬೆರಳುಗಳನ್ನು ಬಿಚ್ಚುತ್ತಿದ್ದರು, ಮುಚ್ಚುತ್ತಿದ್ದರು. ಇವತ್ತಿಗೆ ಸಾಕು ಎನ್ನುತ್ತಾರೆ ಎಂದುಕೊಂಡೆ.

ಮೇಷ್ಟ್ರು ಮಣೆಯನ್ನು ತೊಡೆಯ ಮೇಲೆ ಸರಿಮಾಡಿಕೊಂಡು, ‘ನೀನು ನಮ್ಮನ್ನ ನೋಡ್ಬೇಡಮ್ಮ. ನಾವು ಇದ್ದೀವಿ,’ ಎಂದರು. ಐವರೂ ಕಣ್ಣು ಮುಚ್ಚಿ, ಬರಿಯ ತಾಳ ಶುರುಮಾಡಿದರು. ಎರಡು ಆವರ್ತನ ಹಾಗೇ ಹೋಯಿತು. ಮೂರನೆಯದರ ಮೊದಲ ಪೆಟ್ಟಿಗೆ ಆಕೆ ಕೈ ಇಟ್ಟರು.

ಆಮೇಲೆ ಆದದ್ದನ್ನು ನಾನು ಸರಿಯಾಗಿ ವಿವರಿಸಲಾರೆ. ನನ್ನ ಎದುರು ಪರದೆಯಲ್ಲಿ ಆರು ಸಾಲು ಓಡುತ್ತಿತ್ತು, ಒಂದು ಮೃದಂಗದ್ದು, ಐದು ಕೈಗಳದ್ದು. ನಾನು ಹದಿನೈದು ವರ್ಷದಿಂದ ಯಂತ್ರಗಳಿಗೆ ಹೊತ್ತು ಹೇಳಿಕೊಟ್ಟವನು. ಎರಡು ಯಂತ್ರಗಳನ್ನು ಒಂದೇ ಹೊತ್ತಿನಲ್ಲಿ ನಿಲ್ಲಿಸಲು ಎಷ್ಟು ಹೆಣಗಬೇಕೆಂದು ನನಗೆ ಗೊತ್ತು. ಇಲ್ಲಿ ಆರು ಜನರ ನಡುವೆ ತಂತಿಯಿಲ್ಲ, ಸನ್ನೆಯಿಲ್ಲ, ಒಬ್ಬರನ್ನೊಬ್ಬರು ನೋಡುವುದೂ ಇಲ್ಲ. ಐದು ಪೆಟ್ಟುಗಳ ನಡುವಿನ ಅಂತರ, ಸೆಕೆಂಡಿಗೆ ಅರವತ್ತು ಚಿತ್ರ ಓಡುವ ಪರದೆಯ ಮೇಲೆ ಎರಡು ಚಿತ್ರ ಬದಲಾಗುವಷ್ಟೂ ಇರಲಿಲ್ಲ. ದೊಡ್ಡ ತೀರ್ಮಾನ ಬಂದಾಗ, ಅಂದರೆ ಒಂದೇ ನುಡಿತ ಮೂರು ಸಲ ಸುತ್ತಿ ಮೊದಲ ಪೆಟ್ಟಿಗೆ ಇಳಿಯುವ ಜಾಗದಲ್ಲಿ, ಆಕೆ ಚೂರೇ ಚೂರು ತಡೆದರು. ಐದು ಕೈಗಳೂ ಅಷ್ಟೇ ತಡೆದವು. ಯಾರು ಯಾರಿಗೆ ಹೇಳಿದರು? ಗಡಿಯಾರಕ್ಕೆ ಅದು ತಪ್ಪು. ಆ ಕೋಣೆಯಲ್ಲಿ ಇದ್ದವರಿಗೆ ಅದಕ್ಕಿಂತ ಸರಿಯಾದದ್ದು ಬೇರೆ ಇರಲಿಲ್ಲ. ನನಗೆ ಕಣ್ಣು ತುಂಬಿ ಬಂದಿತ್ತು. ಗೆಳತಿ ಗೋಡೆಯ ಕಡೆ ತಿರುಗಿ ನಿಂತಿದ್ದಳು.

ಮುಕ್ತಾಯವಾಯಿತು. ಆಕೆ ನನ್ನ ಲ್ಯಾಪ್‌ಟಾಪ್ ಕಡೆ ನೋಡಿ ಕೇಳಿದರು.

‘ಎಷ್ಟು ಬಂತು ಸರ್?’

ನಾನು ಹೊತ್ತಿನ ಅಂಕಿ ಓಡುವ ಮೂಲೆಯನ್ನು ಈ ಸಲ ಮೊದಲೇ ಕಾಗದ ಅಂಟಿಸಿ ಮುಚ್ಚಿದ್ದೆ. ‘ಅಳೆದಿಲ್ಲ,’ ಎಂದೆ. ‘ಅಳೆಯೋದೂ ಇಲ್ಲ. ಇವರ ಐದು ಪೆಟ್ಟಲ್ಲಿ ಮಧ್ಯದ್ದು ಯಾವುದೋ, ಅದೇ ಆಟದ ಎಣಿಕೆ. ನೀವು ತಡೆದಿರೋ ಕಡೆ ಆಟವೂ ತಡೆಯುತ್ತೆ.’

ಇವತ್ತಿಗೂ ಆ ತನಿಯ ಒಟ್ಟು ಉದ್ದವನ್ನು ನಾನು ಕೂಡಿ ನೋಡಿಲ್ಲ. ಎಂಟುನೂರ ಅರವತ್ತನಾಲ್ಕು ಎಣಿಕೆಗಳಲ್ಲಿ ಒಂದೊಂದಕ್ಕೂ ಮಧ್ಯದ ಕೈಯನ್ನು ಆರಿಸಿ ಪಟ್ಟಿ ಮಾಡಲು ನಾಲ್ಕು ದಿನ ಬೇಕಾಯಿತು. ಕಳಿಸುವ ಕೊನೆಯ ದಿನ ಕಳಿಸಿದೆವು. ತೆರೆಯ ಮೇಲೆ ನುಡಿಸಿದವರು ಎಂದು ಆಕೆಯ ಹೆಸರು, ತಾಳ ಎಂದು ಐದು ಹೆಸರು.

ಆದರೆ ಆ ಭಾನುವಾರ ನಡುಮನೆಯಲ್ಲಿ ಇದ್ಯಾವುದೂ ಇನ್ನೂ ಆಗಿರಲಿಲ್ಲ. ಹಿರಿಯರು ಅದೇ ತೀರ್ಮಾನದ ಬಗ್ಗೆ ಜಗಳಕ್ಕೆ ಶುರುಮಾಡಿದ್ದರು. ಆಕೆ ಮೃದಂಗಕ್ಕೆ ಗವಸು ಹಾಕಿ, ಫೋನ್ ತೆಗೆದು ಜಗಲಿಗೆ ಹೋದರು. ಮಲ್ಲೇಶ್ವರದ ಸಭೆಯ ಕಾರ್ಯದರ್ಶಿಗೆ ಮಾತಾಡುತ್ತಿದ್ದರು. ಬಾಗಿಲು ತೆರೆದೇ ಇತ್ತು.

‘ನಮಸ್ಕಾರ ಸರ್. ಹೋದ ವಾರ ಕೈ ನೋವು ಅಂತ ಕಛೇರಿ ಬಿಟ್ಟಿದ್ನಲ್ಲ... ಇಲ್ಲ ಸರ್, ವಾಸಿ ಆಯ್ತು ಅಂತ ಹೇಳಕ್ಕೆ ಮಾಡಿದ್ದಲ್ಲ. ನಾನು ಸುಳ್ಳು ಹೇಳಿದ್ದೆ. ಕೈ ಸರಿಯಾಗೇ ಇತ್ತು.’